ಅತ್ತೆಯವರ ಮಾಸ್ತರಿಗೆ ಒಂದು ವೋಟು

ಅವರು ಸೋತರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ಪುಟದವರೆಗೆ ಬಚ್ಚಿಟ್ಟುಕೊಂಡು ಹೋಗುವ ತಾಳ್ಮೆ ನನಗಿಲ್ಲ. ನಾನು ಬರೆಯಲು ಕುಳಿತದ್ದು ಅವರ ಸೋಲಿನ ಬಗ್ಗೆಯೂ ಅಲ್ಲ, ನಮ್ಮ ಅತ್ತೆಯವರ ಒಂದು ವೋಟಿನ ಬಗ್ಗೆ.

ಇಲ್ಲಿ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಗೆ ಮುಂಚೆ ಪ್ರತಿ ಪಕ್ಷದೊಳಗೆ ಇನ್ನೊಂದು ಚುನಾವಣೆ ನಡೆಯುತ್ತದೆ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಜನರೇ, ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ, ವೋಟು ಹಾಕಿ ತೀರ್ಮಾನಿಸುತ್ತಾರೆ. ಆ ಸಲ ಹತ್ತು ಹನ್ನೆರಡು ಜನ ನಿಂತಿದ್ದರು. ಟಿವಿ ಚರ್ಚೆಗಳಲ್ಲಿ ಅವರನ್ನೆಲ್ಲ ಸಾಲಾಗಿ ನಿಲ್ಲಿಸುವಾಗ ನಾನು ಹೇಳುತ್ತಿರುವವರಿಗೆ ಸಿಗುತ್ತಿದ್ದದ್ದು ತೀರಾ ಅಂಚಿನ ಜಾಗ. ಕ್ಯಾಮೆರಾ ಸ್ವಲ್ಪ ಆಚೆ ಹೊರಳಿದರೆ ಅವರ ಒಂದು ಭುಜ ಪರದೆಯಿಂದ ಹೊರಗೆ ಹೋಗುತ್ತಿತ್ತು. ಯಾವುದೋ ಸಣ್ಣ ರಾಜ್ಯದವರು. ರಾಜಕೀಯಕ್ಕೆ ಬರುವ ಮುಂಚೆ ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಮಾಡಿದ್ದರಂತೆ. ಅದಕ್ಕೇ ಇರಬೇಕು, ಬಹಳ ನಿಧಾನವಾಗಿ, ತುಟಿ ಕಾಣುವ ಹಾಗೆ ಮುಖವೆತ್ತಿ ಮಾತಾಡುತ್ತಿದ್ದರು. ಕೊಟ್ಟ ಒಂದು ನಿಮಿಷದಲ್ಲಿ ಉಳಿದವರು ಐದು ವಿಷಯ ಹೇಳಿದರೆ ಇವರು ಒಂದನ್ನು ಮುಗಿಸುವಷ್ಟರಲ್ಲಿ ಚರ್ಚೆ ನಡೆಸುವವರು ಹೊತ್ತಾಯಿತೆಂದು ತಡೆಯುತ್ತಿದ್ದರು.

ಅತ್ತೆಗೆ ಪೂರ್ತಿ ಅರ್ಥವಾದ ಮೊದಲ ಅಮೆರಿಕನ್ ರಾಜಕಾರಣಿ ಅವರು.

"ಇವ್ರು ಮಾಸ್ತರ ಅದಾರ," ಎಂದರು ಮೊದಲ ಚರ್ಚೆಯ ದಿನವೇ, ಅವರ ಕತೆ ಯಾರೂ ಹೇಳುವ ಮುಂಚೆಯೇ. "ನೋಡಲ್ಲಿ, ಹೇಳಿ ಆದಮ್ಯಾಲ ತಿಳೀತೋ ಇಲ್ಲೋ ಅಂತ ಮಂದೀ ಮಾರಿ ನೋಡ್ತಾರ. ಉಳಿದವ್ರು ಬರೇ ಕ್ಯಾಮೆರಾ ನೋಡ್ತಾರ."

ಅಂದಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು ಮಾಸ್ತರು.

ಅತ್ತೆ ಧಾರವಾಡದ ಕಡೆಯ ಸರ್ಕಾರಿ ಕನ್ಯಾಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಸರ್ಕಾರಿ ಶಿಕ್ಷಕಿ ಎಂದ ಮೇಲೆ ಚುನಾವಣೆ ಡ್ಯೂಟಿ. ಮೊದಲು ಬೆರಳಿಗೆ ಶಾಯಿ ಹಚ್ಚುವ ಕೆಲಸ, ಆಮೇಲೆ ಪಟ್ಟಿಯಲ್ಲಿ ಹೆಸರು ಹುಡುಕುವುದು, ಕೊನೆಕೊನೆಗೆ ಬೂತಿಗೇ ಅಧಿಕಾರಿ. ಮೂವತ್ತು ವರ್ಷ ಬೇರೆಯವರ ವೋಟಿನ ಪೆಟ್ಟಿಗೆ ಕಾಯ್ದು, ತಾವು ಸ್ವತಃ ವೋಟು ಹಾಕಿದ್ದು ಎರಡೇ ಸಲ. ಡ್ಯೂಟಿಯಲ್ಲಿದ್ದವರಿಗೆ ಅಂಚೆಯಲ್ಲಿ ವೋಟು ಹಾಕಲು ಅವಕಾಶವಿತ್ತು. ಅರ್ಜಿ ತಂದು ಹಾಜರಿ ಪುಸ್ತಕದೊಳಗೆ ಇಟ್ಟು ಮರೆಯುತ್ತಿದ್ದರಂತೆ. ನಿವೃತ್ತಿಯಾದ ವರ್ಷವೇ ಮೊಮ್ಮಗಳನ್ನು, ಎಂದರೆ ನನ್ನ ಮಗಳನ್ನು, ನೋಡಿಕೊಳ್ಳಲು ಸ್ಯಾನ್ ಹೊಸೆಗೆ ಬಂದರು. ಮೊಮ್ಮಗಳು ಈಗ ಬರ್ಕ್ಲಿಯಲ್ಲಿ ಓದುತ್ತಾಳೆ, ಅತ್ತೆ ಇಲ್ಲೇ ಉಳಿದರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನನ್ನ ಗಂಡನ ಒತ್ತಾಯಕ್ಕೆ, ಪೌರತ್ವ ತೆಗೆದುಕೊಂಡರು. ಹಾಗಾಗಿ ಈ ವೋಟು ಅವರ ಜೀವನದಲ್ಲಿ ಮೂರನೆಯದು. ಮನಸ್ಸಿಗೆ ಹಿಡಿಸಿದವರಿಗೆ ಹಾಕುವ ವೋಟು ಮಾತ್ರ ಮೊದಲನೆಯದು ಎಂದು ಅವರೇ ಹೇಳಿದ್ದರು. ಹಿಂದಿನ ಎರಡು ಸಲ ಯಾರಿಗೆ ಹಾಕಿದೆನೆಂಬುದು ಅವರಿಗೇ ನೆನಪಿಲ್ಲ.

ನಾನು ಮಾಸ್ತರ ಪರವಾಗಿ ಮತದಾರರಿಗೆ ಫೋನು ಮಾಡಿ ವೋಟು ಕೇಳಲು ಹೋಗತೊಡಗಿದ್ದು ಏಕೆ? ಯಾರಾದರೂ ಕೇಳಿದರೆ ಅವರ ನೀತಿಗಳನ್ನು ಹೆಸರಿಸುತ್ತಿದ್ದೆ. ಈಗ ಯೋಚಿಸಿದರೆ, ಅವರು ಗೆಲ್ಲುವುದಿಲ್ಲ ಎಂಬುದೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿತ್ತು. ನಾನು ನಗರದ ಲೈಬ್ರರಿಯಲ್ಲಿ ವಾಪಸು ಬಂದ ಪುಸ್ತಕ ಜೋಡಿಸುವವಳು. ಐವತ್ತೈದು ದಾಟಿದೆ. ಮೊಣಕೈ ನೋವಿದೆ. ಸೋಲುವವರ ಜೊತೆ ಕುಳಿತರೆ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ. ವಾರಕ್ಕೊಂದು ಮಧ್ಯಾಹ್ನ ಒಳ್ಳೆಯ ಜನರ ನಡುವೆ ಇದ್ದು ಬರಬಹುದು, ಅಷ್ಟೇ.

ಫೋನು ಮಾಡುವ ಜಾಗ ಲಾಸ್ ಗ್ಯಾಟೋಸ್ ಕಡೆಯ ಒಂದು ಗ್ಯಾರೇಜು. ಮನೆಯೊಡತಿ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಅಮೆರಿಕನ್ ಹೆಂಗಸು. ತನ್ನ ಕಾರನ್ನು ರಸ್ತೆಗೆ ಹಾಕಿ ಒಳಗೆ ಐದು ಮಡಿಚುವ ಕುರ್ಚಿ ಹಾಕಿದ್ದಳು. ಶುರುವಿನಲ್ಲಿ ಆ ಐದೂ ತುಂಬುತ್ತಿರಲಿಲ್ಲ. ಫೋನು ಎತ್ತಿದವರು ಯಾರು, ಯಾರು, ಎಂದು ಅಭ್ಯರ್ಥಿಯ ಹೆಸರನ್ನು ಎರಡು ಸಲ ಕೇಳುತ್ತಿದ್ದರು. ಬೇಡ ಎಂದವರ ಹೆಸರಿನ ಮುಂದೆ ಗುರುತು ಹಾಕಿ ಮುಂದಿನ ನಂಬರಿಗೆ ಹೋಗುತ್ತಿದ್ದೆವು. ಬಹಳ ನೆಮ್ಮದಿಯ ಕೆಲಸ.

ಆಮೇಲೆ ಅವರು ಮೇಲೇರತೊಡಗಿದರು. ಮೊದಲು ವೋಟು ಹಾಕುವ ರಾಜ್ಯದಲ್ಲಿ ಎಲ್ಲರೂ ಆರನೆಯವರೋ ಏಳನೆಯವರೋ ಎಂದುಕೊಂಡಿದ್ದರೆ ಎರಡನೆಯವರಾಗಿ ಬಂದರು. ಮುಂದಿನ ರಾಜ್ಯದಲ್ಲಿ ಗೆದ್ದರು. ಟಿವಿಯವರು ಅವರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತರು. ಚರ್ಚೆಯಲ್ಲಿ ಮಧ್ಯದ ಜಾಗ ಸಿಕ್ಕಿತು. ಗ್ಯಾರೇಜಿನಲ್ಲಿ ಕುರ್ಚಿ ಸಾಲದೆ ಜನ ಡ್ರೈವ್‌ವೇಯಲ್ಲಿ ನಿಂತು ಫೋನು ಮಾಡತೊಡಗಿದರು. ವಾರಕ್ಕೊಂದು ಮಧ್ಯಾಹ್ನ ಎಂಬುದು ಮೂರಾಯಿತು, ಶನಿವಾರ ಭಾನುವಾರವೂ ಸೇರಿತು. ಇವರು ಗೆಲ್ಲಲೂಬಹುದು ಎಂಬ ಯೋಚನೆ ಬಂದ ದಿನದಿಂದ ಯಾರೂ ನಗುತ್ತಿರಲಿಲ್ಲ. ಎಲ್ಲರ ಮುಖದಲ್ಲೂ ಲೆಕ್ಕಾಚಾರ. ನನಗೆ ಸಂತೋಷವಾಗಬೇಕಿತ್ತು. ಸುಸ್ತಾಗುತ್ತಿತ್ತು.

ನನ್ನ ಗಂಡ ಇಂಜಿನಿಯರು. ಯಾವುದನ್ನೂ ವ್ಯರ್ಥ ಮಾಡುವುದು ಅವರಿಗಾಗುವುದಿಲ್ಲ. "ನಿನ್ನೆ ತನಕ ಇವ್ರಿಗೆ ವೋಟ್ ಹಾಕೋದು ವೇಸ್ಟು. ಇವತ್ತಿಂದ ಅಲ್ಲ," ಎಂದರು ಎರಡನೆಯ ರಾಜ್ಯದ ಫಲಿತಾಂಶ ಬಂದ ಬೆಳಿಗ್ಗೆ, ಬ್ರೆಡ್ಡಿಗೆ ಚಟ್ನಿ ಹಚ್ಚುತ್ತ. ನನ್ನೊಡನೆ ಮೂವತ್ತು ವರ್ಷ ಸಂಸಾರ ಮಾಡಿ ಅವರ ಮಾತು ಅರ್ಧ ಮೈಸೂರಿನದಾಗಿದೆ. ತಾಯಿಯ ಜೊತೆ ಮಾತ್ರ ಧಾರವಾಡ ಮರಳಿ ಬರುತ್ತದೆ.

"ಹಂಗಂದ್ರ ಮಾಸ್ತರು ನಿನ್ನೆನೂ ಇವತ್ತೂ ಬ್ಯಾರೆ ಬ್ಯಾರೆ ಏನೋ?" ಎಂದರು ಅತ್ತೆ.

"ಹಂಗಲ್ಲವ್ವಾ, ಪ್ರಾಕ್ಟಿಕಲ್ ಆಗಿ ನೋಡ್ಬೇಕು."

"ನೀ ಸಣ್ಣಾಂವಿದ್ದಾಗೂ ಹಿಂಗ. ಆಟದಾಗ ಗೆಲ್ಲೋ ಕಡೆ ಹೋಗಿ ನಿಂದರ್ತಿದ್ದಿ."

ನನಗೆ ಗ್ಯಾರೇಜಿನಲ್ಲಿ ಕೊಟ್ಟ ಪಟ್ಟಿ ವಿಶೇಷದ್ದು. ಇಲ್ಲಿ ಮತದಾರರಾಗಿ ಹೆಸರು ಬರೆಸುವಾಗ ನೀವು ಯಾವ ಪಕ್ಷದವರೆಂದು ಕೇಳುತ್ತಾರೆ. ಯಾವುದೂ ಅಲ್ಲ ಎಂದೂ ಹೇಳಬಹುದು. ಮತಪತ್ರ ಎಲ್ಲರ ಮನೆಗೂ ಅಂಚೆಯಲ್ಲೇ ಬರುತ್ತದೆ. ಹಾಗೆ ಹೇಳಿದವರಿಗೆ ಬರುವ ಮತಪತ್ರದಲ್ಲಿ ಉಳಿದದ್ದೆಲ್ಲ ಇರುತ್ತದೆ, ಅಧ್ಯಕ್ಷ ಅಭ್ಯರ್ಥಿಯ ಆಯ್ಕೆ ಮಾತ್ರ ಇರುವುದಿಲ್ಲ. ಅದು ಬೇಕಿದ್ದರೆ ಇಂಥ ಪಕ್ಷದ ಮತಪತ್ರ ಕೊಡಿ ಎಂದು ಅವರೇ ಕೇಳಿ ಪಡೆಯಬೇಕು. ನಮ್ಮ ಕಡೆಯ ಎಷ್ಟೋ ಸಂಸಾರಗಳು ಈ ಗುಂಪಿನವು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಬಂದ ಇಂಜಿನಿಯರುಗಳು, ಡಾಕ್ಟರುಗಳು. ಅರ್ಧದಷ್ಟು ಮಂದಿ ಸರ್ಕಾರಿ ನೌಕರರ ಮಕ್ಕಳು. ಪಕ್ಷ ಎಂದ ಕೂಡಲೇ ಪೆನ್ನು ಹಿಂದಕ್ಕೆ ಸರಿಯುತ್ತದೆ. ಕನ್ನಡ ಬರುತ್ತದೆಂದು ಅಂಥ ಮನೆಗಳನ್ನು ನನಗೆ ವಹಿಸಿದ್ದರು. ಮೂರು ವಾರ ನಾನು ಹೇಳಿದ್ದು ಒಂದೇ ಮಾತು: "ನಮಸ್ಕಾರ. ಮನೆಗೆ ಬಂದಿರೋ ಕವರ್ ಇವತ್ತೇ ಒಡೆದು ನೋಡಿ. ಅದ್ರಲ್ಲಿ ಅಧ್ಯಕ್ಷರ ಹೆಸರುಗಳು ಇಲ್ಲ ಅಂದ್ರೆ ಗಾಬರಿ ಆಗ್ಬೇಡಿ, ಬದಲಾಯಿಸ್ಕೋಬಹುದು."

ನಮ್ಮ ಮನೆಯ ಕವರನ್ನು ಒಡೆದು ನೋಡಿರಲಿಲ್ಲ.

ಅತ್ತೆ ಬಿಡಲಿಲ್ಲ. ಅವರ ಹೆಸರಿನ ಕವರು ಬಂದ ದಿನವೇ ಅದನ್ನು ತೆಗೆದುಕೊಂಡು ಹೋಗಿ ತಮ್ಮ ಸೀರೆಗಳ ನಡುವೆ ಇಟ್ಟರು. "ಪ್ರಚಾರ ಮುಗೀಲಿ ಮೊದಲ. ಇನ್ನಾ ಭಾಷಣ ನಡದಾವ, ಈಗ ವೋಟು ಹಾಕೂದಂದ್ರ ಏನದು?" ಊರಲ್ಲಿ ಮತದಾನಕ್ಕೆ ಎರಡು ದಿನ ಮುಂಚೆ ಪ್ರಚಾರ ನಿಲ್ಲುತ್ತದೆ. ಇಲ್ಲಿ ನಿಲ್ಲುವುದಿಲ್ಲ ಎಂದು ಮೊಮ್ಮಗಳು ಫೋನಿನಲ್ಲಿ ವಿವರಿಸಿದಳು: "ಅಜ್ಜಿ, ದಟ್ಸ್ ನಾಟ್ ಹೌ ಇಟ್ ವರ್ಕ್ಸ್ ಹಿಯರ್. ಪೀಪಲ್ ವೋಟ್ ವೆನೆವರ್."

"ವೆನೆವರ್ ಅಂದ್ರ ಯಾವಾಗ?"

"ಲೈಕ್, ಎನಿ ಟೈಮ್, ಅಜ್ಜಿ."

"ಅದು ವೋಟಲ್ಲವಾ, ಅದು ಉಪ್ಪಿಟ್ಟು," ಎಂದರು ಅತ್ತೆ.

ಕೊನೆಗೆ ನಮ್ಮ ರಾಜ್ಯದ ಸರದಿಗೆ ಹನ್ನೊಂದು ದಿನವಿದ್ದಾಗ, ಕೊನೆಯ ಚರ್ಚೆ ಮುಗಿದ ಮರುದಿನ, ಶುಕ್ರವಾರ, ಕವರು ಹೊರಗೆ ಬಂತು. ಸ್ನಾನ ಮಾಡಿ, ಕನ್ನಡಕ ಒರೆಸಿ, ಊಟದ ಮೇಜಿನ ಮೇಲಿನ ಉಪ್ಪಿನಕಾಯಿ ಬಾಟಲಿಗಳನ್ನೆಲ್ಲ ತೆಗೆಸಿ ಕುಳಿತರು. ಹಾಳೆಯ ಎರಡೂ ಬದಿ ತಿರುವಿ ನೋಡಿದರು. ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದರು. ಮತ್ತೆ ತಿರುವಿದರು.

"ಮಾಸ್ತರು ಎಲ್ಲೆದಾರ?"

ನನಗೆ ಒಂದೇ ನೋಟಕ್ಕೆ ಗೊತ್ತಾಯಿತು. ಮೂರು ವಾರ ಅದನ್ನೇ ಜನರಿಗೆ ವಿವರಿಸಿದವಳು ನಾನು.

"ತಪ್ಪು ಹಾಳಿ ಹಾಕ್ಯಾರ," ಎಂದರು. "ಬೇರೆ ಬೂತಿನ ಹಾಳಿ ನಮ್ಮ ಬೂತಿಗೆ ಬಂದೈತಿ. ಹಿಂಗ ಆಗ್ತಿರ್ತದ, ಒಂದು ವರದಿ ಕೊಡಬೇಕು."

"ನೋಡ್ತೀನಿ ಅತ್ತೆ," ಎಂದೆ.

ಇಲ್ಲಿ ನಾನು ನಿಲ್ಲಬೇಕು. ಅತ್ತೆಯ ಹೆಸರು ಬರೆಸುವ ಅರ್ಜಿ ತುಂಬಿದ್ದು ನಾನು. ಅದು ಎರಡು ವರ್ಷದ ಹಿಂದೆ, ಪೌರತ್ವದ ಪ್ರಮಾಣವಚನ ಮುಗಿದ ಮೇಲೆ, ಆ ಕಟ್ಟಡದ ಹೊರಗೆ ಮೇಜು ಹಾಕಿಕೊಂಡಿದ್ದವರ ಬಳಿ. ನನ್ನ ನೆನಪು ಹೀಗಿದೆ: ನೀಲಿ ಪೆನ್ನು, ಗಾಳಿಗೆ ಹಾರುವ ಹಾಳೆ, ಅದರ ಮೇಲೆ ಅತ್ತೆಯ ಕೈಚೀಲ. ಪಕ್ಷದ ಕಲಮಿಗೆ ಬಂದಾಗ ನಾನು "ಯಾವ ಪಾರ್ಟಿ ಹಾಕ್ಲಿ ಅತ್ತೆ?" ಎಂದು ಕೇಳುತ್ತೇನೆ. ಅವರು ಕೈ ಬೀಸಿ, "ಪಾರ್ಟಿ ಗೀರ್ಟಿ ನಮಗ್ಯಾಕವಾ, ಸರ್ಕಾರಿ ಮಂದಿ ನಾವು," ಎನ್ನುತ್ತಾರೆ. ನಾನು ಯಾವುದೂ ಅಲ್ಲ ಎಂಬುದಕ್ಕೆ ಗುರುತು ಹಾಕುತ್ತೇನೆ.

ಇದನ್ನು ಮತ್ತೊಮ್ಮೆ ಬರೆಯುತ್ತೇನೆ, ಏಕೆಂದರೆ ಇದು ನನಗೆ ತುಂಬಾ ಅನುಕೂಲವಾಗಿದೆ. ಅವರು ಹೇಳಿದ್ದನ್ನು ನಾನು ಬರೆದೆ, ತಪ್ಪು ಅವರದು, ಎಂದು ಮುಗಿಯುತ್ತದೆ. ಆದರೆ ಆ ದಿನ ಬಿಸಿಲು ಜೋರಾಗಿತ್ತು, ಕಾರು ನಿಲ್ಲಿಸಿದ ಹೊತ್ತು ಮುಗಿಯುತ್ತಿತ್ತು, ಅತ್ತೆಗೆ ಬಾತ್‌ರೂಮಿಗೆ ಹೋಗಬೇಕಿತ್ತು. ಅವರು ಆ ಮೇಜಿನ ಬಳಿ ಇದ್ದರೇ? ಕೈಚೀಲ ಇತ್ತು, ಅಷ್ಟು ಖಂಡಿತ. ಕೈಚೀಲ ನನ್ನ ಬಳಿ ಕೊಟ್ಟು ಒಳಗೆ ಹೋಗಿದ್ದಿರಬಹುದು. ಆಗ ಸರ್ಕಾರಿ ಮಂದಿ ಎಂಬ ಮಾತನ್ನು ಯಾರು ಆಡಿದರು? ಬೇರೆ ಯಾವುದೋ ದಿನ, ಬೇರೆ ಯಾವುದೋ ವಿಷಯಕ್ಕೆ ಅವರು ಆಡಿದ ಮಾತನ್ನು ತಂದು ನಾನು ಇಲ್ಲಿ ಕೂಡಿಸಿಕೊಂಡಿದ್ದೇನೆಯೇ? ನನ್ನ ಗಂಡನನ್ನು ಕೇಳಿದರೆ ಆ ಅರ್ಜಿ ತುಂಬಿದ್ದು ತಾನು ಎನ್ನುತ್ತಾರೆ. ಅವರು ಆ ದಿನ ಆಫೀಸಿನಲ್ಲಿದ್ದರು. ಬಹುಶಃ ಇದ್ದರು.

ಶುಕ್ರವಾರದಿಂದ ಮಂಗಳವಾರದವರೆಗೆ ನಾನು ಸುಮ್ಮನಿದ್ದೆ. ಅಂಚೆಯಲ್ಲಿ ಬೇರೆ ಮತಪತ್ರ ತರಿಸಿಕೊಳ್ಳಲು ಮಂಗಳವಾರ ಕೊನೆಯ ದಿನ. ಇದು ನನಗಿಂತ ಚೆನ್ನಾಗಿ ಗೊತ್ತಿದ್ದವರು ನಮ್ಮ ಬೀದಿಯಲ್ಲೇ ಇರಲಿಕ್ಕಿಲ್ಲ. ಆ ನಾಲ್ಕು ದಿನವೂ ಗ್ಯಾರೇಜಿಗೆ ಹೋಗಿ ಬೇರೆಯವರ ಅತ್ತೆಯಂದಿರಿಗೆ ಮಂಗಳವಾರ ಕೊನೆಯ ದಿನ ಎಂದು ಹೇಳಿದೆ. ಮನೆಗೆ ಬಂದು ಅಡುಗೆ ಮಾಡಿದೆ. ನಾಳೆ ಹೇಳೋಣ ಎಂದು ಮಲಗಿದೆ. ಭಯಕ್ಕಿಂತ ಹೆಚ್ಚಾಗಿ ಅದು ದಣಿವು. ಇನ್ನೊಂದು ವಿವರಣೆ, ಇನ್ನೊಂದು ಫೋನು ನನ್ನಿಂದ ಆಗುವುದಿಲ್ಲ ಎಂಬ ದಣಿವು. ಹಾಗೆ ಬರೆದರೆ ಕ್ಷಮಿಸುವುದು ಸುಲಭ, ಅದಕ್ಕೇ ಅದನ್ನೂ ಪೂರ್ತಿ ನಂಬಬೇಡಿ.

ಬುಧವಾರ ಬೆಳಿಗ್ಗೆ ಹೇಳಿದೆ. ಅತ್ತೆ ಬದನೆಕಾಯಿ ಹೆಚ್ಚುತ್ತಿದ್ದರು.

"ಅದು ತಪ್ಪು ಹಾಳೆ ಅಲ್ಲ ಅತ್ತೆ. ನಿಮ್ಮನ್ನ ಯಾವ ಪಾರ್ಟಿಗೂ ಸೇರದವ್ರು ಅಂತ ಬರ್ಸಿದ್ದೆ. ಅದಕ್ಕೇ ಮಾಸ್ತರ ಹೆಸರು ಬಂದಿಲ್ಲ."

"ನೀ ಬರಸಿದ್ದಿ?"

"ನೀವೇ ಪಾರ್ಟಿ ಬೇಡ ಅಂದಿದ್ರಿ ಅಂತ ನೆನಪು."

"ನಾ ಅಂದಿದ್ನ್ಯಾ?" ಬದನೆಕಾಯಿಯನ್ನು ನೀರಿಗೆ ಹಾಕಿದರು. "ಅಂದಿದ್ರೂ ಅಂದಿರಬೇಕು. ನನ್ನ ಕೇಳದ ಬರದಿದ್ರೂ ಬರದಿರಬೇಕು ನೀ. ಈಗ ಅದನ್ನ ಯಾರು ನೋಡ್ಯಾರ?"

ಇಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು. ಇನ್ನೊಂದು ಬದನೆಕಾಯಿ ಕೈಗೆತ್ತಿಕೊಂಡು ಕೇಳಿದರು: "ಹಂಗಂದ್ರ ಈ ಸಲಾನೂ ಹೋತು, ಅಲ್ಲ?"

ಹೋಗಿಲ್ಲ, ಸ್ವತಃ ಹೋದರೆ ಸಿಗುತ್ತದೆ ಎಂದೆ. ಮತಗಟ್ಟೆಗಳು ಚುನಾವಣೆಯ ದಿನಕ್ಕೆ ಮೊದಲೇ ತೆರೆದಿರುತ್ತವೆ. ಈ ಹಾಳೆ ಹಿಂದಿರುಗಿಸಿ ಬೇರೆ ಹಾಳೆ ಕೇಳಿದರೆ ಕೊಡುತ್ತಾರೆ. ಶನಿವಾರ ಹೋಗೋಣ.

ಅತ್ತೆ ಇಳಕಲ್ ಸೀರೆ ಉಟ್ಟು, ಮೇಲೆ ಮಗನ ಹಳೆಯ ಜಾಕೆಟು ಹಾಕಿಕೊಂಡು ಬಂದರು.  ಮತಗಟ್ಟೆ ಇದ್ದದ್ದು ಮನೆಯಿಂದ ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ಆಚೆಯ ಕಮ್ಯುನಿಟಿ ಸೆಂಟರಿನಲ್ಲಿ. ಟೇಬಲ್ ಟೆನ್ನಿಸ್ ಮೇಜುಗಳನ್ನು ಮಡಿಚಿ ಗೋಡೆಗೆ ಒರಗಿಸಿದ್ದರು. ಐದಾರು ಜನ ಸರದಿಯಲ್ಲಿದ್ದರು. ಒಳಗೆ ಕಾಲಿಟ್ಟ ಕೂಡಲೇ ಅತ್ತೆಯ ಬೆನ್ನು ನೆಟ್ಟಗಾಯಿತು.

"ಏಜೆಂಟರು ಎಲ್ಲೆ ಕುಂತಾರ?" ಎಂದು ಪಿಸುಗುಟ್ಟಿದರು.

"ಇಲ್ಲಿ ಹಾಗೆಲ್ಲ ಕೂರಲ್ಲ ಅತ್ತೆ."

"ಪೊಲೀಸರು?"

"ಇಲ್ಲ."

"ಮತ್ತ ಇದನ್ನ ಯಾರು ನಡಸಾಕತ್ತಾರ?"

ನಡೆಸುತ್ತಿದ್ದವರು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ, ನಡುವಯಸ್ಸಿನ, ವಿಯೆಟ್ನಾಂ ಮೂಲದವರಂತೆ ಕಂಡ ಒಬ್ಬರು. ಬಹಳ ಮರ್ಯಾದೆಯವರು. ಅತ್ತೆಯನ್ನು ಕಂಡು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಹಳೆಯ ಹಾಳೆ ತೆಗೆದುಕೊಂಡರು, ಹೆಸರು ಹುಡುಕಿದರು, ಆಮೇಲೆ ನಗುತ್ತ ಕೇಳಿದರು: "ವಿಚ್ ಪಾರ್ಟೀಸ್ ಬ್ಯಾಲೆಟ್ ವುಡ್ ಯು ಲೈಕ್, ಮ್ಯಾಮ್?"

ಅತ್ತೆ ನನ್ನ ಕಡೆ ತಿರುಗಿದರು. "ಏನ್ ಕೇಳಾಕತ್ತಾನ ಇಂವಾ?"

"ಯಾವ ಪಾರ್ಟಿ ಹಾಳೆ ಬೇಕು ಅಂತ. ಹೆಸರು ಹೇಳಿ, ಅಷ್ಟೇ."

"ಇಲ್ಲೆ?"

"ಹೂಂ."

"ಬೂತಿನ್ಯಾಗ ಕುಂತು? ಬಾಯಿಬಿಟ್ಟು?"

"ಇಲ್ಲಿ ಹಾಗೇನೇ ಅತ್ತೆ."

"ಬೂತಿನ ಅಧಿಕಾರೀನೇ ಯಾವ ಪಕ್ಷ ಅಂತ ಕೇಳ್ತಾನಲ್ಲ, ಇವಂಗ ನೋಟಿಸ್ ಕೊಡಬೇಕು."

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ತುಟಿ ಬಿಗಿದು ಕುಳಿತರು. ಅಧಿಕಾರಿ ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ ಕೇಳಿದರು. ಹಿಂದೆ ನಿಂತವರಲ್ಲಿ ಯಾರೋ ಕಾಲು ಬದಲಿಸಿದರು. ಮೂರು ತಿಂಗಳಿಂದ ಮನೆಯಲ್ಲಿ ಮಾಸ್ತರು ಮಾಸ್ತರು ಎಂದವರು, ಅವರ ಪ್ರತಿ ಭಾಷಣಕ್ಕೂ ಟಿವಿ ಮುಂದೆ ಕುಳಿತವರು, ಈಗ ಒಂದು ಪದಕ್ಕೆ ಸಿಕ್ಕಿಬಿದ್ದಿದ್ದರು.

"ನಾನು ಹೇಳ್ಲಾ ಅತ್ತೆ?"

"ನೀ ಹೇಳಿದ್ರ ಅದು ನಿನ್ನ ವೋಟು ಆಗ್ತದ. ಒಂದ್ಸಲ ನೀ ತುಂಬಿದ್ದು ಸಾಕು."

ಎದ್ದರು. ಸರದಿಯವರಿಗೆ ದಾರಿ ಬಿಟ್ಟು ಗೋಡೆಯ ಪಕ್ಕದ ಕುರ್ಚಿಯಲ್ಲಿ ಹೋಗಿ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ. ಅಧಿಕಾರಿ ನಮ್ಮ ಕಡೆ ನೋಡಿ ಅವಸರವಿಲ್ಲ ಎಂಬಂತೆ ಕೈ ಮಾಡಿದರು.

ಎಷ್ಟು ಹೊತ್ತು ಕುಳಿತೆವೋ. ನನ್ನ ಲೆಕ್ಕದಲ್ಲಿ ಒಂದು ಗಂಟೆ. ಕಾರಿನ ಗಡಿಯಾರದ ಪ್ರಕಾರ ಅಷ್ಟಾಗಿರಲು ಸಾಧ್ಯವಿಲ್ಲ. ಜನ ಬರುತ್ತಿದ್ದರು, ಪಕ್ಷದ ಹೆಸರನ್ನು ಕಾಫಿಗೆ ಹೇಳುವಂತೆ ಹೇಳುತ್ತಿದ್ದರು, ಹಾಳೆ ತೆಗೆದುಕೊಂಡು ಹೋಗುತ್ತಿದ್ದರು. ಅತ್ತೆ ಪ್ರತಿಯೊಬ್ಬರನ್ನೂ ನೋಡಿದರು. ಆಮೇಲೆ, ನನಗೆ ಹೇಳಿದರೋ ಗೋಡೆಗೆ ಹೇಳಿದರೋ, ಮಾತಾಡಿದರು.

"ಒಂದ್ಸಲ ಹೊಲದಿಂದ ಒಬ್ಬಾಕಿ ಬಂದಿದ್ಲು. ಮುದುಕಿ. ಕಾಲಾಗ ಇನ್ನಾ ಮಣ್ಣು. ಹಾಳಿ ಕೊಟ್ಟೆ. ಪರದೆ ಹಿಂದ ಹೋದಾಕಿ ಹೊರಗ ತಲಿ ಹಾಕಿ, ನಂದು ಇಂಥಾದ್ದು ಗುರ್ತು, ಎಲ್ಲೈತಿ ತೋರಸ್ರಿ ಅಂತ ಒದರಿದ್ಲು. ಏಜೆಂಟರು ಎದ್ದು ಗದ್ದಲ ಮಾಡಿದ್ರು. ಇನ್ನೊಮ್ಮೆ ಬಾಯಿಬಿಟ್ರ ಹೊರಗ ಹಾಕ್ತೀನಿ ಅಂದೆ. ಆಕೀಗೆ ತಿಳೀಲಿಲ್ಲ. ಮತ್ತ ಒದರಿದ್ಲು. ಹಾಳಿ ಕಸಕೊಂಡು ಕಳಿಸಿಬಿಟ್ಟೆ."

"ಆಮೇಲೆ?"

"ಆಮ್ಯಾಲೇನು. ಸಂಜಿ ಐದರ ತನಕ ಬಾಗ್ಲ ನೋಡಿದೆ. ಬಂದ್ರ ಕೊಡಬೇಕಂತಿದ್ದೆ. ಬರಲಿಲ್ಲ ಆಕಿ."

ಈ ಕತೆಯನ್ನು ಅತ್ತೆ ಹಿಂದೆಯೂ ಹೇಳಿದ್ದರು. ಆಗ ಅದು ನಗುವ ಕತೆ, ಬೂತನ್ನು ಬಿಗಿಯಾಗಿ ನಡೆಸಿದ ಕತೆ. ಬಾಗಿಲು ನೋಡಿದ ಭಾಗ ಅದರಲ್ಲಿ ಇರಲಿಲ್ಲ. ಆಗ ಬಿಟ್ಟಿದ್ದರೋ, ಈಗ ಸೇರಿಸಿದರೋ, ನನಗೆ ತಿಳಿಯದು.

"ಅತ್ತೆ, ಬರೆದು ಕೊಡಬಹುದಾ ಅಂತ ಕೇಳ್ತೀನಿ. ಬಾಯಿಬಿಡೋದು ಬೇಡ."

"ಆಕೀಗೆ ಬರದು ಕೊಡು ಅಂದಿದ್ನ್ಯಾ ನಾ?"

ಮಂಡಿ ಹಿಡಿದುಕೊಂಡು ಎದ್ದರು. ನಾನೂ ಏಳಹೋದೆ. ಕುಂದ್ರು ಎಂದು ಕೈ ಮಾಡಿ ಒಬ್ಬರೇ ಹೋದರು. ಮೇಜಿನ ಎರಡೂ ಬದಿಗೆ ಕಣ್ಣಾಡಿಸಿ, ಬಾಯಿಗೆ ಅಡ್ಡ ಕೈ ಇಟ್ಟು, ಬಗ್ಗಿ, ಏನೋ ಹೇಳಿದರು. ಅಧಿಕಾರಿ ತಲೆಯಾಡಿಸಿ, ಅವರ ಕ್ರಮ ಹಾಗಿರಬೇಕು, ಆ ಪಕ್ಷದ ಹೆಸರನ್ನು ಗಟ್ಟಿಯಾಗಿ ಪುನಃ ಹೇಳಿ, ಹೌದಲ್ಲವೇ ಮ್ಯಾಮ್ ಎಂದು ಕೇಳಿದರು. ಇಡೀ ಹಾಲಿಗೆ ಕೇಳಿಸಿತು. ಅತ್ತೆಯ ಭುಜಗಳು ಕುಗ್ಗಿದ್ದನ್ನು ನಾನು ಕಂಡೆ. ಒಂದು ಕ್ಷಣ ಅವರು ಹಿಂದೆ ತಿರುಗಿ ಬರುತ್ತಾರೆಂದೇ ಅನ್ನಿಸಿತು. ಆಮೇಲೆ "ಯಸ್" ಎಂದರು. ಅದು ಹೆಡ್‌ಮಿಸ್ಟ್ರೆಸ್ ದನಿ, ಹೊರಗಿನ ಪಾರ್ಕಿಂಗ್ ತನಕ ಹೋಗುವಂಥದ್ದು.

ಹಾಳೆ ತೆಗೆದುಕೊಂಡು ಮರೆಯ ಹಿಂದೆ ಹೋದರು. ಬಹಳ ಹೊತ್ತು ಬರಲಿಲ್ಲ. ಶಾಲಾ ಮಂಡಳಿ, ನೀರಿನ ಮಂಡಳಿ, ನ್ಯಾಯಾಧೀಶರು, ಎಲ್ಲವನ್ನೂ ಓದಿರಬೇಕು. ಬಂದು ಪೆಟ್ಟಿಗೆಗೆ ಹಾಕುವ ಮುಂಚೆ ಪೆಟ್ಟಿಗೆಯ ಮುದ್ರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ವೋಟು ಹಾಕಿದೆ ಎಂದು ಎದೆಗೆ ಅಂಟಿಸಿಕೊಳ್ಳುವ ಸ್ಟಿಕ್ಕರು ಕೊಟ್ಟಾಗ ಬೇಡವೆಂದು ತಲೆಯಾಡಿಸಿದರು.

ಕಾರಿನಲ್ಲಿ ಸೀಟ್‌ಬೆಲ್ಟು ಹಾಕಿಕೊಳ್ಳುತ್ತ ಹೇಳಿದರು: "ಅಂವಾ ಅಷ್ಟು ಒದರಿದ್ರೂ ಯಾರೂ ತಿರುಗಿ ನೋಡ್ಲೇ ಇಲ್ಲವಾ."

"ಯಾಕ್ ನೋಡ್ತಾರೆ ಅತ್ತೆ, ಇಲ್ಲಿ ಯಾರಿಗೂ ಅದೇನೂ ಅನ್ಸಲ್ಲ."

"ಅದ," ಎಂದರು. "ಏನೂ ಅನಸೂದಿಲ್ಲ." ಸಮಾಧಾನಕ್ಕೆ ಹೇಳಿದರೋ, ಮೂವತ್ತು ವರ್ಷ ಕಾಯ್ದದ್ದೆಲ್ಲ ಇಷ್ಟೇನಾ ಎಂದು ಹೇಳಿದರೋ, ದನಿಯಿಂದ ಗೊತ್ತಾಗಲಿಲ್ಲ. ನಾನು ಫ್ರೀವೇ ಬಿಟ್ಟು ಒಳರಸ್ತೆಯಲ್ಲಿ ಓಡಿಸಿದೆ. ಅವರನ್ನು ಮನೆಗೆ ಬಿಟ್ಟು ಗ್ಯಾರೇಜಿಗೆ ಹೋಗಬೇಕಿತ್ತು. ಹೋಗಲಿಲ್ಲ. ಹೊಟ್ಟೆ ನೋವೆಂದು ಗ್ಯಾರೇಜಿನೊಡತಿ ಬಸ್ಸಿನ ಹೆಂಗಸಿಗೆ ಸಂದೇಶ ಕಳಿಸಿ ಮಲಗಿಬಿಟ್ಟೆ. ಅವಳು ಬೇಗ ಗುಣವಾಗು, ನಿನ್ನ ಪಟ್ಟಿ ನಾನು ನೋಡಿಕೊಳ್ಳುತ್ತೇನೆ ಎಂದು ಉತ್ತರಿಸಿದಳು. ಅವಳಿಗೆ ಕನ್ನಡ ಬರುವುದಿಲ್ಲ.

ಮಂಗಳವಾರ ಸಂಜೆ ಎಣಿಕೆ ಶುರುವಾದಾಗ ನನ್ನ ಗಂಡ ಟಿವಿ ಹಾಕಿ ಕೂಗಿದರು. "ಅವ್ವಾ, ಬಾ. ನಿಮ್ಮ ಮಾಸ್ತರದು ಎಣಸಾಕತ್ತಾರ."

"ಎಣಿಕಿ ಡ್ಯೂಟಿ ನಂದಲ್ಲೋ," ಎಂದರು ಅತ್ತೆ ಅಡುಗೆಮನೆಯಿಂದ. "ಪೆಟ್ಟಿಗಿ ಒಪ್ಪಿಸಿದ್ರ ನಮ್ಮ ಕೆಲಸ ಮುಗೀತು."

ನಮ್ಮ ರಾಜ್ಯದಲ್ಲಿ ಅವರು ಎರಡನೆಯವರಾದರು. ಅದೇ ದಿನ ವೋಟು ಹಾಕಿದ ಉಳಿದ ರಾಜ್ಯಗಳಲ್ಲಿ ಅಷ್ಟೂ ಇಲ್ಲ. ಮುಂದಿನ ವಾರ ಕಣದಿಂದ ಹಿಂದೆ ಸರಿದರು. ಅದನ್ನು ಹೇಳುವಾಗಲೂ ನಿಧಾನವಾಗಿಯೇ ಹೇಳಿದರು, ಆ ದಿನ ಯಾರೂ ತಡೆಯಲಿಲ್ಲ. ಮುಗಿಸಿ ಸುತ್ತ ನೆರೆದವರ ಮುಖ ನೋಡಿದರು.

ಟಿವಿ ಆರಿಸಿದ ಮೇಲೆ ನನ್ನ ಗಂಡ, ತಾಯಿಯನ್ನು ಸಮಾಧಾನ ಮಾಡಲೆಂದೋ ಏನೋ, ಕೇಳ್ತೀನಂತ ಬೇಜಾರಾಗಬ್ಯಾಡ ಎಂದು ಶುರು ಮಾಡಿದರು. "ಅವ್ವಾ, ನೀ ಹಾಕಿದ್ದು ಮಾಸ್ತರಿಗೇ ಹೌದಿಲ್ಲೋ?"

ಅತ್ತೆ ಕನ್ನಡಕ ತೆಗೆದು ಅವರನ್ನು ನೋಡಿದರು.

"ಅದನ್ನ ನಾ ನಿಮ್ಮಪ್ಪಗೂ ಹೇಳಿದಾಕಿ ಅಲ್ಲ," ಎಂದರು. "ಪಾರ್ಟಿ ಹೆಸರು ಊರಿಗೆಲ್ಲಾ ಹೇಳಿ ಬಂದೀನಿ. ಇದೊಂದರೆ ನನ್ನ ಹಂತ್ಯಾಕ ಇರಲಿ."

ಮತ್ತೆ ಕೇಳಲು ಅವರಿಗೂ ಧೈರ್ಯವಾಗಲಿಲ್ಲ, ನನಗೂ. ಅತ್ತೆ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.